ಆಟೋಫಜಿ: ಜೀವಕೋಶದ ದಿನನಿತ್ಯದ ಸ್ವಚ್ಛತೆ

ಉಪವಾಸದ ಬಗ್ಗೆ ಯಾವ ವಿಡಿಯೋ ನೋಡಿದರೂ ಈಗ ‘ಆಟೋಫಜಿ’ ಎಂಬ ಪದ ಕೇಳಿಬರುತ್ತದೆ. ಗ್ರೀಕ್‌ನಲ್ಲಿ ‘ಆಟೋ’ ಎಂದರೆ ತಾನು, ‘ಫಜಿ’ ಎಂದರೆ ತಿನ್ನುವುದು. 1963ರಲ್ಲಿ ಈ ಹೆಸರು ಕೊಟ್ಟವರು ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್. ತನ್ನನ್ನೇ ತಿನ್ನುವುದು ಎಂದರೆ ಭಯ ಆಗುತ್ತದೆ, ಅಲ್ವಾ? ಆದರೆ ಇಲ್ಲಿ ಕೋಶ ತಿನ್ನುವುದು ತನ್ನೊಳಗೆ ಕೂಡಿದ ಕಸವನ್ನು, ಅದನ್ನು ಕಾಪಾಡುವುದೇ ಈ ತಿನ್ನುವಿಕೆ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಎಳೆ. ಅದು ಸರಿಯಾಗಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮಡಿಕೆ ತಪ್ಪಿದರೆ ಒಳಗೆ ಅಡಗಿರಬೇಕಾದ ಅಂಟು ಭಾಗಗಳು ಹೊರಗೆ ಬರುತ್ತವೆ. ಅವು ಒಂದಕ್ಕೊಂದು ಅಂಟಿಕೊಂಡು, ಬೆಂದದ್ದು ಜಾಸ್ತಿಯಾದ ಶಾವಿಗೆಯ ಹಾಗೆ ಮುದ್ದೆಯಾಗುತ್ತವೆ. ಕೆಟ್ಟ ಪ್ರೋಟೀನನ್ನು ಕತ್ತರಿಸಲು ಕೋಶದಲ್ಲಿ ಪ್ರೋಟಿಯಸೋಮ್ ಎಂಬ ಪೀಪಾಯಿಯಂಥ ಯಂತ್ರವಿದೆ. ಅದರ ಬಾಯಿ ತುಂಬ ಕಿರಿದು. ಬಿಡಿ ಎಳೆ ಒಳಗೆ ಹೋಗುತ್ತದೆ, ಮುದ್ದೆ ಹೋಗುವುದಿಲ್ಲ.

ಮುದ್ದೆಗೆ ಆಟೋಫಜಿಯೇ ಬೇಕು. ಮೊದಲು ಅದರ ಮೇಲೆ ಯೂಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಗುರುತು ಬೀಳುತ್ತದೆ. ಪಿ62 ಎಂಬ ಇನ್ನೊಂದು ಪ್ರೋಟೀನ್ ಒಂದು ಕೈಯಲ್ಲಿ ಆ ಗುರುತನ್ನು ಹಿಡಿಯುತ್ತದೆ. ಇನ್ನೊಂದು ಕೈಯಲ್ಲಿ, ಆಗತಾನೇ ಬೆಳೆಯುತ್ತಿರುವ ಬಟ್ಟಲಿನಾಕಾರದ ಪೊರೆಯನ್ನು ಹಿಡಿಯುತ್ತದೆ. ಬಟ್ಟಲು ಬೆಳೆದು ಮುದ್ದೆಯ ಸುತ್ತ ಬಾಯಿ ಮುಚ್ಚಿಕೊಂಡರೆ ಎರಡು ಪದರದ ಚೀಲ ಸಿದ್ಧ. ಇದೇ ಆಟೋಫಗೋಸೋಮ್. ಈ ಚೀಲ ಲೈಸೋಸೋಮ್ ಎಂಬ, ಕೋಶದ ಹೊಟ್ಟೆಯಂಥ ಇನ್ನೊಂದು ಚೀಲದೊಂದಿಗೆ ಬೆರೆಯುತ್ತದೆ. ಅಲ್ಲಿನ ಆಮ್ಲ ಮತ್ತು ಕಿಣ್ವಗಳು ಮುದ್ದೆಯನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಅವುಗಳಿಂದ ಕೋಶ ಮತ್ತೆ ಹೊಸ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಏನೂ ವ್ಯರ್ಥವಾಗುವುದಿಲ್ಲ. ನನಗೆ ತುಂಬ ಇಷ್ಟವಾಗುವ ಭಾಗ ಇದು.

ಹಾಗಾದರೆ ಉಪವಾಸದ ಮಾತು ಎಲ್ಲಿಂದ ಬಂತು? ಹಸಿದ ಕೋಶದಲ್ಲಿ ಆಟೋಫಜಿ ಜೋರಾಗುವುದು ನಿಜ. ಜಪಾನಿನ ಯೋಶಿನೋರಿ ಒಸುಮಿ ಯೀಸ್ಟ್ ಕೋಶಗಳನ್ನು ಹಸಿವಿಗೆ ಕೆಡವಿಯೇ ಈ ಚೀಲಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1993ರ ಹೊತ್ತಿಗೆ ಇದಕ್ಕೆ ಬೇಕಾದ 15 ಜೀನ್‌ಗಳನ್ನು ಗುರುತಿಸಿದರು. 2016ರ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಎಷ್ಟು ಗಂಟೆ ಊಟ ಬಿಡಬೇಕು ಎಂದು ಅವರು ಹೇಳಿದ್ದಕ್ಕಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಸುಮ್ನೆ ವಿಡಿಯೋ ನಂಬಿ ಊಟ ಬಿಡಬೇಡಿ, ಡಾಕ್ಟರನ್ನು ಕೇಳಿ.

ಹೊಟ್ಟೆ ತುಂಬಿದ್ದಾಗಲೂ ಆಟೋಫಜಿ ಸಣ್ಣದಾಗಿ ನಡೆಯುತ್ತಲೇ ಇರುತ್ತದೆ. ಮಿದುಳಿನ ನರಕೋಶಗಳಿಗೆ ಇದು ಜೀವದ ಪ್ರಶ್ನೆ. ಬೇರೆ ಅನೇಕ ಕೋಶಗಳು ಒಡೆದು ಎರಡಾಗುವಾಗ ಕಸವೂ ಹಂಚಿಹೋಗುತ್ತದೆ. ನರಕೋಶ ಒಡೆಯುವುದಿಲ್ಲ, ಅದರ ಕಸ ಅದರಲ್ಲೇ ಉಳಿಯುತ್ತದೆ. ಪಾರ್ಕಿನ್ಸನ್, ಹಂಟಿಂಗ್ಟನ್, ಆಲ್‌ಝೈಮರ್ ಕಾಯಿಲೆಗಳಲ್ಲಿ ಇಂಥ ಮುದ್ದೆಗಳೇ ಕಾಣುತ್ತವೆ. 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳ ನರಕೋಶಗಳಲ್ಲಿ ಆಟೋಫಜಿಯ ಒಂದೊಂದು ಜೀನ್ ತೆಗೆದು ನೋಡಿದವು. ಆ ಇಲಿಗಳಿಗೆ ಕಾಯಿಲೆಯ ಪ್ರೋಟೀನ್ ಏನನ್ನೂ ಸೇರಿಸಿರಲಿಲ್ಲ. ಆದರೂ ಕೋಶಗಳಲ್ಲಿ ಮುದ್ದೆಗಳು ಕೂಡಿದವು, ನರಕೋಶಗಳು ಸತ್ತವು, ಇಲಿಗಳ ನಡಿಗೆ ತಪ್ಪಿತು.