ಎಸ್‌ಎಂಬಿ ಎಂದರೇನು? ನೆಟ್ ಇದ್ದೂ ಪ್ರಿಂಟರ್ ಕಾಣದಿರುವುದು ಯಾಕೆ?

"ನೆಟ್ ಸರಿ ಉಂಟು, ಯೂಟ್ಯೂಬ್ ಓಡ್ತದೆ. ಪ್ರಿಂಟರ್ ಮಾತ್ರ ಕಾಣುದಿಲ್ಲ ಮಾರಾಯ." ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಿಗೆ ಫೈಬರ್ ಕನೆಕ್ಷನ್ ಬಂದ ಮೇಲೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ನೆಟ್ ಇದ್ದ ಮೇಲೆ ಉಳಿದದ್ದೆಲ್ಲ ತಾನಾಗಿ ನಡೆಯಬೇಕು ಎಂಬ ಲೆಕ್ಕ. ಆದರೆ ಮನೆಯ ಒಂದು ಕಂಪ್ಯೂಟರಿನಿಂದ ಇನ್ನೊಂದರ ಫೈಲ್ ತೆರೆಯುವುದಕ್ಕೆ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಹೊರಗಿನ ಫೈಬರ್ ವಯರ್ ಮೇಲೆ ತೆಂಗಿನ ಮಡಲು ಬಿದ್ದು ಕಡಿದುಹೋದರೂ ಅದು ನಡೆಯಬೇಕು. ವಿಂಡೋಸ್‌ನಲ್ಲಿ ಈ ಕೆಲಸ ಮಾಡಿಸುವುದು ಎಸ್‌ಎಂಬಿ. ಬಿಡಿಸಿ ಹೇಳಿದರೆ ಸರ್ವರ್ ಮೆಸೇಜ್ ಬ್ಲಾಕ್.

ಇದೊಂದು ಪ್ರೋಟೋಕಾಲ್. ಎರಡು ಕಂಪ್ಯೂಟರ್‌ಗಳು ಏನನ್ನು ಹೇಗೆ ಕೇಳಬೇಕು, ಹೇಗೆ ಉತ್ತರ ಕೊಡಬೇಕು ಎಂಬ ಕರಾರು. ಈ ಫೋಲ್ಡರ್‌ನಲ್ಲಿ ಏನೇನಿದೆ? ಈ ಫೈಲ್ ತೆರೆದು ಕೊಡು. ನಾನು ಬರೆಯುತ್ತಿದ್ದೇನೆ, ಮುಗಿಯುವ ತನಕ ಬೇರೆಯವರನ್ನು ಬಿಡಬೇಡ. ಈ ಎರಡು ಪುಟಗಳನ್ನು ನಿನ್ನ ಪ್ರಿಂಟರ್‌ಗೆ ಕಳಿಸು. ಇಷ್ಟೇ ವ್ಯವಹಾರ. 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಇದನ್ನು ರೂಪಿಸಿದರು, ಆಮೇಲೆ ಮೈಕ್ರೋಸಾಫ್ಟ್ ಬೆಳೆಸಿತು. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಸಾಂಬಾ ಎಂಬ ಸಾಫ್ಟ್‌ವೇರ್ ಇದೆ, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರುಮಾಡಿದ್ದು. ಕಾಸರಗೋಡಿನವರಿಗೆ ಸಾಂಬಾ ಗೊತ್ತಿರುವುದು ಒಳ್ಳೆಯದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಲಿನಕ್ಸ್‌ನಲ್ಲಿ. ಹಾಗಾಗಿ ಟೀಚರುಗಳ ಮನೆಯಲ್ಲಿ ಒಂದು ಲಿನಕ್ಸ್, ಒಂದು ವಿಂಡೋಸ್ ಇರುವುದು ಇಲ್ಲಿ ವಿಶೇಷವೇನಲ್ಲ. ಸಾಂಬಾ ಹಾಕಿದರೆ ಎರಡಕ್ಕೂ ಹೊಂದಾಣಿಕೆ ಆಗುತ್ತದೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಪ್ರಿಂಟರ್ ಯುಎಸ್‌ಬಿ ವಯರ್‌ನಲ್ಲಿ ಒಂದು ಕಂಪ್ಯೂಟರಿಗೆ ಕಟ್ಟಿಕೊಂಡಿದ್ದು, ಬೇರೆಯವರು ಆ ಕಂಪ್ಯೂಟರ್ ಮೂಲಕ ಪ್ರಿಂಟ್ ಕೊಡುತ್ತಿದ್ದರೆ ಅದು ಎಸ್‌ಎಂಬಿಯ ಕೆಲಸ. ಆ ಕಂಪ್ಯೂಟರ್ ಆಫ್ ಆದರೆ, ನಿದ್ದೆಗೆ ಜಾರಿದರೂ ಸಾಕು, ಪ್ರಿಂಟ್ ಇಲ್ಲ. ಪ್ರಿಂಟರಿಗೇ ವೈಫೈ ಇದ್ದು ನೇರ ರೂಟರ್‌ಗೆ ಸೇರಿಕೊಂಡಿದ್ದರೆ ಪ್ರಿಂಟ್ ಹೋಗುವ ದಾರಿ ಬೇರೆ, ಎಸ್‌ಎಂಬಿ ನಡುವೆ ಬರುವುದಿಲ್ಲ. ಮೊಬೈಲ್‌ನಿಂದ ಪ್ರಿಂಟ್ ಕೊಡುವುದೂ ಸಾಮಾನ್ಯವಾಗಿ ಈ ಎರಡನೇ ದಾರಿಯಲ್ಲೇ. ಯಾವುದು ನಿಮ್ಮದು ಎಂದು ತಿಳಿಯದೆ ಸೆಟ್ಟಿಂಗ್ ತಿರುಗಿಸುತ್ತಾ ಕೂತರೆ ದಿನ ಹೋಗುತ್ತದೆ, ಪ್ರಿಂಟ್ ಬರುವುದಿಲ್ಲ.

ಶೇರಿಂಗ್ ಹಾಳಾಗಿದೆ ಎಂದು ಕರೆದ ಕಡೆ ಹೆಚ್ಚಾಗಿ ಶೇರಿಂಗ್ ಹಾಳಾಗಿರುವುದೇ ಇಲ್ಲ. ಎರಡು ಕಂಪ್ಯೂಟರ್‌ಗಳು ಒಂದನ್ನೊಂದು ಮುಟ್ಟಿಯೇ ಇರುವುದಿಲ್ಲ. ಮುಟ್ಟದೇ ಇರುವಾಗ ಪರ್ಮಿಷನ್, ಪಾಸ್‌ವರ್ಡ್ ಎಂದು ತಡಕಾಡಿ ಏನು ಪ್ರಯೋಜನ, ಅಲ್ವಾ?

ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಮುರಕಲ್ಲು. ಹಳೆ ಮನೆಗಳ ಗೋಡೆ ದಪ್ಪ, ಚಾವಡಿಯಲ್ಲಿಟ್ಟ ರೂಟರಿನ ವೈಫೈ ಉಪ್ಪರಿಗೆಗೆ ಏರುವುದಿಲ್ಲ. ಆಗ ಪೇಟೆಯಿಂದ ಇನ್ನೊಂದು ರೂಟರ್ ಬರುತ್ತದೆ. ಕೆಳಗಿನ ಪೆಟ್ಟಿಗೆಯಿಂದ ಒಂದು ವಯರ್ ಎಳೆದು ಮೇಲಿನದರಲ್ಲಿ ವ್ಯಾನ್ (WAN) ಎಂದು ಬರೆದ, ಹೊರಗಿನ ನೆಟ್ ಬರುವ ತೂತಿಗೆ ಸಿಕ್ಕಿಸುತ್ತಾರೆ. ಮೇಲೆಯೂ ನೆಟ್ ಬಂತು, ಎಲ್ಲರಿಗೂ ಖುಷಿ. ಆದರೆ ಈಗ ಆ ಮನೆಯಲ್ಲಿ ಎರಡು ನೆಟ್‌ವರ್ಕ್ ಆಯಿತು, ಅದು ಯಾರಿಗೂ ಗೊತ್ತಾಗುವುದಿಲ್ಲ.

ನೀರ್ಚಾಲು ಹತ್ತಿರದ ಒಬ್ಬ ರಿಟೈರ್ಡ್ ಮಾಷ್ಟ್ರ ಮನೆಯಲ್ಲಿ ಹೀಗೇ ಆಗಿತ್ತು. ಕೆಳಗೆ ಮಾಷ್ಟ್ರ ಕಂಪ್ಯೂಟರ್, ಅದಕ್ಕೆ ಪ್ರಿಂಟರ್. ಮೇಲೆ ಸೊಸೆಯ ಲ್ಯಾಪ್‌ಟಾಪ್. ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಹೊಡೆಸಿದೆ. ನೆಟ್‌ವರ್ಕ್‌ನಲ್ಲಿ ಆ ಯಂತ್ರದ ವಿಳಾಸ, ಅಂದರೆ ಐಪಿ, ಅದು ತೋರಿಸುತ್ತದೆ.

"ಮಾಷ್ಟ್ರೇ, ಐಪಿವಿ4 ಅಂತ ಇರುವ ಸಾಲು ಓದಿ."

"192.168.1.6."

ಉಪ್ಪರಿಗೆಯಿಂದ ಸೊಸೆ ಕೂಗಿ ಹೇಳಿದರು, "ಇಲ್ಲಿ 192.168.0.103 ಉಂಟು."

"ಒಂದು ಸೊನ್ನೆಗೆ ಎಂತ ಅಷ್ಟು ವ್ಯತ್ಯಾಸ?" ಎಂದರು ಮಾಷ್ಟ್ರು.

ವ್ಯತ್ಯಾಸ ಅಲ್ಲೇ ಇರುವುದು. ಮನೆಯ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆ ಒಂದೇ ಆಗಿರಬೇಕು, ಕೊನೆಯದು ಮಾತ್ರ ಬೇರೆ. ಮೂರನೆಯದು ಬೇರೆಯಾದರೆ ನೆಟ್‌ವರ್ಕ್ ಬೇರೆ. ಇನ್ನೂ ತಲೆಬಿಸಿ ಎಂದರೆ ಈ ತೊಂದರೆ ಒಮ್ಮುಖ. ಮೇಲಿನ ರೂಟರ್ ಒಳಗಿನಿಂದ ಹೊರಗೆ ಹೋಗುವುದನ್ನು ಬಿಡುತ್ತದೆ, ಹೊರಗಿನಿಂದ ಒಳಗೆ ಬರುವುದನ್ನು ತಡೆಯುತ್ತದೆ. ಹಾಗಾಗಿ ಸೊಸೆ ಐಪಿ ಹೊಡೆದು ಮಾವನ ಕಂಪ್ಯೂಟರ್ ತೆರೆಯಬಹುದು, ಮಾವನಿಗೆ ಸೊಸೆಯ ಲ್ಯಾಪ್‌ಟಾಪ್ ಕಾಣುವುದಿಲ್ಲ. ಇದನ್ನು ನೋಡಿದವರು ಮಾವನ ಕಂಪ್ಯೂಟರಿನಲ್ಲೇ ಏನೋ ಕೆಟ್ಟಿದೆ ಎಂದು ವಿಂಡೋಸ್ ಹೊಸದಾಗಿ ಹಾಕಿಸುವುದೂ ಉಂಟು. ಸುಮ್ನೆ ಖರ್ಚು.

ಪರಿಹಾರ ಸಣ್ಣದು. ಮೇಲಿನ ರೂಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್, ಅಂದರೆ ವೈಫೈ ಹರಡುವುದಷ್ಟೇ ಕೆಲಸ, ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ನಿಲ್ಲಿಸಿ. ಅದರ ಸ್ವಂತ ವಿಳಾಸ ಕೆಳಗಿನ ರೂಟರಿನದ್ದೇ ಆಗಿದ್ದರೆ ಬದಲಿಸಿ. ವಯರನ್ನು ವ್ಯಾನ್ ತೂತಿನಿಂದ ತೆಗೆದು ಲ್ಯಾನ್ (LAN) ಎಂದು ಬರೆದ ತೂತಿಗೆ ಹಾಕಿ. ಆಮೇಲೆ ವಿಳಾಸ ಹಂಚುವುದು ಕೆಳಗಿನ ರೂಟರ್ ಒಂದೇ. ಗೆಸ್ಟ್ ವೈಫೈಗೆ ಸೇರಿಕೊಂಡವರಿಗೂ ಹೆಚ್ಚುಕಮ್ಮಿ ಇದೇ ಗತಿ. ಗೆಸ್ಟ್ ಇರುವುದೇ ಮನೆಯ ಉಳಿದ ಯಂತ್ರಗಳಿಂದ ದೂರ ಇಡಲಿಕ್ಕೆ.

ಎರಡನೇ ಕಾರಣ ಗುಡುಗು. ಮೇ ತಿಂಗಳಲ್ಲಿ, ಮತ್ತೆ ತುಲಾ ತಿಂಗಳ ಸಂಜೆಗಳಲ್ಲಿ ಆಕಾಶ ಕಪ್ಪಾದರೆ ನಾವು ಮೊದಲು ಮಾಡುವುದು ರೂಟರಿನ ಪ್ಲಗ್ ಎಳೆಯುವುದು. ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಮತ್ತೆ ಎಲ್ಲ ಆನ್ ಮಾಡಿದಾಗ ಕೆಲವು ರೂಟರ್‌ಗಳು ವಿಳಾಸಗಳನ್ನು ಹೊಸದಾಗಿ ಹಂಚುತ್ತವೆ. ನಿನ್ನೆ ವಿಳಾಸದ ಕೊನೆಯ ಸಂಖ್ಯೆ 7 ಇದ್ದ ವೈಫೈ ಪ್ರಿಂಟರ್ ಇವತ್ತು 4 ಆಗಿರುತ್ತದೆ. ಕಂಪ್ಯೂಟರ್ ಇನ್ನೂ 7ನ್ನೇ ಹುಡುಕುತ್ತಾ "ಆಫ್‌ಲೈನ್" ಎಂದು ತೋರಿಸುತ್ತದೆ. ಪ್ರಿಂಟರ್ ಮಾತ್ರ ಪಕ್ಕದಲ್ಲೇ ಹಸಿರು ಲೈಟ್ ಹೊತ್ತಿಸಿಕೊಂಡು ಕೂತಿರುತ್ತದೆ. ರೂಟರಿನಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಜಾಗ ಇದೆ. ಪ್ರಿಂಟರಿಗೆ ಮತ್ತು ಪ್ರಿಂಟರ್ ಕಟ್ಟಿದ ಕಂಪ್ಯೂಟರಿಗೆ ಅಲ್ಲಿ ಕಾಯಂ ವಿಳಾಸ ಕೊಟ್ಟುಬಿಡಿ. ಮನೆಯಲ್ಲಿ ಒಂದೇ ಒಂದು ಸೆಟ್ಟಿಂಗ್ ಮಾಡುವಷ್ಟು ತಾಳ್ಮೆ ಇದ್ದರೆ ನಾನು ಹೇಳುವುದು ಇದನ್ನು.

ವಿಳಾಸ ಸರಿ ಇದ್ದೂ ಕಾಣದಿದ್ದರೆ? ಫೈಲ್ ಎಕ್ಸ್‌ಪ್ಲೋರರ್‌ನ ಎಡಬದಿಯ ನೆಟ್‌ವರ್ಕ್ ಪಟ್ಟಿಯನ್ನು ಜಾಸ್ತಿ ನಂಬಬೇಡಿ. ಅದರಲ್ಲಿ ಕಾಣುವುದೇ ಬೇರೆ, ಎಸ್‌ಎಂಬಿ ನಡೆಯುವುದೇ ಬೇರೆ. ಅಲ್ಲಿ ಹೆಸರು ಕಾಣಿಸಲಿಕ್ಕೆ ಫಂಕ್ಷನ್ ಡಿಸ್ಕವರಿ ಎಂದು ಶುರುವಾಗುವ ಪ್ರತ್ಯೇಕ ಸರ್ವಿಸ್‌ಗಳು ಓಡುತ್ತಿರಬೇಕು. ಅವು ನಿಂತಿದ್ದರೂ ಶೇರಿಂಗ್ ಆರಾಮವಾಗಿ ನಡೆಯಬಹುದು. ಪರೀಕ್ಷೆ ಮಾಡುವುದಾದರೆ ಮೇಲಿನ ಅಡ್ರೆಸ್ ಪಟ್ಟಿಯಲ್ಲಿ \\192.168.1.6 ಎಂಬ ಹಾಗೆ, ಶೇರ್ ಮಾಡಿದ ಕಂಪ್ಯೂಟರಿನ ವಿಳಾಸ ಹೊಡೆದು ಎಂಟರ್ ಒತ್ತಿ. ತೆರೆದುಕೊಂಡರೆ ಕೆಟ್ಟಿರುವುದು ಹೆಸರು ಹುಡುಕುವ ಭಾಗ ಮಾತ್ರ. ಅದೇ ದಾರಿಗೆ ಒಂದು ಶಾರ್ಟ್‌ಕಟ್ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಂಡರೆ ಮುಗಿಯಿತು.

ತೆರೆಯದೆ, ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂದು 80070035 ಎಂಬ ನಂಬರ್ ಬಂದರೆ, ಶೇರ್ ಮಾಡಿದ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಪ್ರೊಫೈಲ್ ನೋಡಿ. ವಿಂಡೋಸ್ ಹೊಸ ವೈಫೈಯನ್ನು ಹೆಚ್ಚಾಗಿ ಪಬ್ಲಿಕ್ ಎಂದೇ ಎಣಿಸುತ್ತದೆ. ರೈಲ್ವೆ ಸ್ಟೇಷನ್‌ನಲ್ಲಿ ಕೂತಿದ್ದೀರಿ ಎಂದುಕೊಂಡು ಫೈರ್‌ವಾಲ್ ಬಾಗಿಲು ಮುಚ್ಚುತ್ತದೆ. ಪ್ರೈವೇಟ್ ಎಂದು ಬದಲಿಸಿ, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಎಸ್‌ಎಂಬಿ ಓಡಾಡುವ 445ನೇ ಪೋರ್ಟ್ ಎಂಬ ಬಾಗಿಲು ಮನೆಯೊಳಗಿನವರಿಗೆ ತೆರೆಯುತ್ತದೆ. ಕೆಲವರು ಫೈರ್‌ವಾಲನ್ನೇ ಆಫ್ ಮಾಡಿ ಹೋಗುತ್ತಾರೆ. ಕೆಲಸ ಆಗುತ್ತದೆ ನಿಜ. ಆದರೆ ಆ ಲ್ಯಾಪ್‌ಟಾಪ್ ನಾಳೆ ಬಸ್‌ಸ್ಟ್ಯಾಂಡಿನ ವೈಫೈಗೂ ಸೇರುತ್ತದಲ್ಲ?

ಇಷ್ಟು ದಾಟಿದ ಮೇಲೆ ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಹೆಚ್ಚಿನವರು ದಿನಾ ಹೊಡೆಯುವ ನಾಲ್ಕಂಕಿಯ ಪಿನ್ ಹಾಕುತ್ತಾರೆ, ಅದು ತಪ್ಪು ಎನ್ನುತ್ತದೆ. ಪಿನ್ ಒಳಗಿನ ಚಿಲಕ ಇದ್ದ ಹಾಗೆ, ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ಬೇರೆ ಯಂತ್ರದಿಂದ ಬರುವವರು ಶೇರ್ ಮಾಡಿದ ಕಂಪ್ಯೂಟರಿನ ಅಕೌಂಟ್‌ನ ನಿಜವಾದ ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡೇ ಇಲ್ಲದ ಅಕೌಂಟ್ ಆದರೆ ವಿಂಡೋಸ್ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದೇ ಇಲ್ಲ. ಶೇರಿಂಗ್‌ಗೆಂದೇ ಒಂದು ಪ್ರತ್ಯೇಕ ಲೋಕಲ್ ಅಕೌಂಟ್ ಮಾಡಿ ಪಾಸ್‌ವರ್ಡ್ ಕೊಡುವುದು ನನ್ನ ಪದ್ಧತಿ. ಫೋಲ್ಡರ್ ಕಂಡು, ಬರೆಯಲು ಬಿಡದಿದ್ದರೆ ಶೇರಿಂಗ್ ಮತ್ತು ಸೆಕ್ಯೂರಿಟಿ ಎರಡೂ ಟ್ಯಾಬ್ ನೋಡಿ. ಎರಡರಲ್ಲಿ ಬಿಗಿಯಾದದ್ದೇ ನಡೆಯುವುದು.

ಕೊನೆಗೆ ಎಸ್‌ಎಂಬಿ1. ಇದು ಎಸ್‌ಎಂಬಿಯ ಹಳೇ ಆವೃತ್ತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಇದರಲ್ಲಿದ್ದ ದೋಷ ಹಿಡಿದು ಜಗತ್ತಿಡೀ ಹಬ್ಬಿತು, ಕೇರಳದ ಕೆಲವು ಪಂಚಾಯತ್ ಕಚೇರಿಗಳ ಕಂಪ್ಯೂಟರ್‌ಗಳನ್ನೂ ಹಿಡಿಯಿತು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10 ಆವೃತ್ತಿಯಿಂದ ಹೊಸದಾಗಿ ಹಾಕಿದ ಕಂಪ್ಯೂಟರ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಜೆರಾಕ್ಸ್ ಮೆಷಿನ್‌ನಿಂದ ಫೋಲ್ಡರಿಗೆ ಸ್ಕ್ಯಾನ್ ಹೋಗದಿದ್ದರೆ, ರೂಟರಿಗೆ ಸಿಕ್ಕಿಸಿದ ಹಾರ್ಡ್‌ಡಿಸ್ಕ್ ತೆರೆಯದಿದ್ದರೆ, ಆ ಯಂತ್ರಕ್ಕೆ ಎಸ್‌ಎಂಬಿ1 ಬಿಟ್ಟು ಬೇರೆ ಗೊತ್ತಿಲ್ಲದಿರಬಹುದು. ವಿಂಡೋಸ್ ಫೀಚರ್ಸ್‌ನಲ್ಲಿ ಟಿಕ್ ಹಾಕಿ ಅದನ್ನು ವಾಪಸ್ ತರುವ ವಿದ್ಯೆ ಎಲ್ಲರೂ ಹೇಳಿಕೊಡುತ್ತಾರೆ. ನಾನು ಹೇಳಿಕೊಡುವುದಿಲ್ಲ. ಮೊದಲು ಆ ಯಂತ್ರದ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಅದಕ್ಕೆ ಅಪ್‌ಡೇಟ್ ಇದೆಯೇ ನೋಡಿ. ಇಲ್ಲವೇ, ಸ್ಕ್ಯಾನನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಹಾರ್ಡ್‌ಡಿಸ್ಕನ್ನು ರೂಟರಿನಿಂದ ಬಿಡಿಸಿ ಕಂಪ್ಯೂಟರಿಗೇ ಸಿಕ್ಕಿಸಿ ಅಲ್ಲಿಂದ ಶೇರ್ ಮಾಡಿ.