ಮ್ಯಾನುಯಲ್‌ನಲ್ಲಿ 5ಡಬ್ಲ್ಯೂ-30 ಅಂತಿದೆ, 20ಡಬ್ಲ್ಯೂ-50 ಹಾಕಬಹುದಾ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ. ಮ್ಯಾನುಯಲ್‌ನಲ್ಲಿ 5ಡಬ್ಲ್ಯೂ-30 ಆಯಿಲ್ ಹಾಕಿ ಅಂತಿದೆ. ಮೆಕ್ಯಾನಿಕ್ ಮಾತ್ರ, "ಎಂಜಿನ್ ಹಳೇದಾಗಿದೆ, ಈ ತೆಳು ಆಯಿಲ್ ಸಾಲಲ್ಲ, 20ಡಬ್ಲ್ಯೂ-50 ಹಾಕಿಬಿಡಿ" ಅಂತಾರೆ. ಕಂಪನಿ ಹೇಳಿದ್ದು ಬಿಟ್ಟು ಬೇರೆ ಗ್ರೇಡ್ ಹಾಕಿದರೆ ಏನಾದರೂ ತೊಂದರೆ ಆಗುತ್ತಾ?

ಉತ್ತರ: 20ಡಬ್ಲ್ಯೂ-50 ಬೇಡ. ಆದರೆ 5ಡಬ್ಲ್ಯೂ-30 ಬಿಟ್ಟು ಬೇರೇನೂ ಹಾಕಲೇಬಾರದು ಅಂತಲೂ ಇಲ್ಲ. ಸರಿಯಾದ ಕಾರಣ ಇದ್ದರೆ ಒಂದು ಗ್ರೇಡ್ ಮೇಲೆ, ಅಂದರೆ 5ಡಬ್ಲ್ಯೂ-40ಕ್ಕೆ ಹೋಗಬಹುದು. "ಗಾಡಿ ಹಳೇದಾಯ್ತು" ಅನ್ನೋದೊಂದೇ ಕಾರಣ ಸಾಲದು.

ಮೊದಲು ಡಬ್ಬದ ಮೇಲಿನ ಎರಡು ನಂಬರ್ ನೋಡೋಣ. ಡಬ್ಲ್ಯೂ ಜೊತೆಗಿರುವ ಮೊದಲ ನಂಬರ್, ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದಕ್ಕೆ. 5ಡಬ್ಲ್ಯೂ ಆಯಿಲ್‌ನ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದು ಮೈನಸ್ 30 ಡಿಗ್ರಿಯಲ್ಲಿ. 20ಡಬ್ಲ್ಯೂಗೆ ಮೈನಸ್ 15 ಡಿಗ್ರಿ. ಎರಡನೇ ನಂಬರ್, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನೋದಕ್ಕೆ. ಇದನ್ನು 100 ಡಿಗ್ರಿಯಲ್ಲಿ ಅಳೆಯುತ್ತಾರೆ. ಎಸ್‌ಎಇ (ವಾಹನ ಎಂಜಿನಿಯರ್‌ಗಳ ಸಂಸ್ಥೆ) ಪಟ್ಟಿಯ ಪ್ರಕಾರ 30 ಗ್ರೇಡ್ ಅಂದರೆ 9.3ರಿಂದ 12.5 ಸೆಂಟಿಸ್ಟೋಕ್‌ನೊಳಗೆ (ಆಯಿಲ್‌ನ ದಪ್ಪ ಅಳೆಯುವ ಮಾನ ಇದು), 40 ಅಂದರೆ 12.5ರಿಂದ 16.3ರೊಳಗೆ, 50 ಅಂದರೆ 16.3ರಿಂದ 21.9ರೊಳಗೆ.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಂದು ಕಂಪನಿಯ 30 ಗ್ರೇಡ್ 12 ಇರಬಹುದು, ಇನ್ನೊಂದು ಕಂಪನಿಯ 40 ಗ್ರೇಡ್ 13 ಇರಬಹುದು. ಇವೆರಡರ ನಡುವೆ ಎಂಜಿನ್‌ಗೆ ದೊಡ್ಡ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ. ಆದರೆ 10 ಇರುವ 30 ಗ್ರೇಡ್ ಬಿಟ್ಟು 19 ಇರುವ 50ಕ್ಕೆ ಹೋದರೆ ಆಯಿಲ್ ಹತ್ತಿರ ಹತ್ತಿರ ಎರಡರಷ್ಟು ದಪ್ಪ. ಒಂದು ಗ್ರೇಡ್ ಮೇಲೆ ಹೋಗುವುದಕ್ಕೂ ಎರಡು ಗ್ರೇಡ್ ಹಾರುವುದಕ್ಕೂ ಇರುವ ವ್ಯತ್ಯಾಸ ಇಷ್ಟು.

"ತೆಳು ಆಯಿಲ್" ಅನ್ನೋ ಮಾತಿನಲ್ಲೂ ಒಂದು ತಪ್ಪು ತಿಳುವಳಿಕೆ ಇದೆ. ತಣ್ಣಗಿರುವಾಗ ಯಾವ ಆಯಿಲ್ಲೂ ತೆಳು ಅಲ್ಲ. 100 ಡಿಗ್ರಿಯಲ್ಲಿ 10-11 ಇರುವ 5ಡಬ್ಲ್ಯೂ-30 ಆಯಿಲ್, 40 ಡಿಗ್ರಿಯಲ್ಲೇ 60ರ ಆಸುಪಾಸು ಇರುತ್ತದೆ. ಬೆಳಿಗ್ಗೆ ಕೀ ತಿರುಗಿಸುವಾಗ ಅದಕ್ಕಿಂತಲೂ ದಪ್ಪ. 20ಡಬ್ಲ್ಯೂ-50 ಆದರೆ 40 ಡಿಗ್ರಿಯಲ್ಲೇ 150ರ ಹತ್ತಿರ. ಎಂಜಿನ್ ಡಿಸೈನ್ ಮಾಡುವವರು ಲೆಕ್ಕ ಹಾಕಿರುವುದು ಬಿಸಿಯಾದ ಮೇಲಿನ ದಪ್ಪಕ್ಕೆ. ಅಲ್ಲಿಯವರೆಗೆ ಎಂಜಿನ್ ತನಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ದಪ್ಪ ಆಯಿಲ್‌ನಲ್ಲಿ ಓಡುತ್ತಿರುತ್ತದೆ. ಅದನ್ನು ಇನ್ನೂ ದಪ್ಪ ಮಾಡಿದರೆ ಮೇಲೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ವರೆಗೆ ಆಯಿಲ್ ಏರುವುದು ತಡ, ಬಿಸಿಯಾಗುವುದೂ ತಡ. ಫಿಲ್ಟರ್‌ನಲ್ಲಿ ಒತ್ತಡ ಜಾಸ್ತಿಯಾಗಿ ಬೈಪಾಸ್ ವಾಲ್ವ್ ತೆರೆದುಕೊಂಡರೆ, ಅಷ್ಟು ಹೊತ್ತು ಫಿಲ್ಟರ್ ಆಗದ ಆಯಿಲ್ಲೇ ಬೇರಿಂಗ್‌ಗೆ ಹೋಗುತ್ತದೆ. ದಿನವೂ ಮೂರ್ನಾಲ್ಕು ಕಿಲೋಮೀಟರ್ ಮಾತ್ರ ಓಡಿಸಿ ಆಫ್ ಮಾಡುವವರ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ನೆನಪಿರಲಿ.

ಇದೇ ಕಾರಣಕ್ಕೆ ಮೊದಲ ನಂಬರ್ ಕಡಿಮೆಯಾದರೆ ತಲೆಕೆಡಿಸಿಕೊಳ್ಳಬೇಕಿಲ್ಲ. 5ಡಬ್ಲ್ಯೂ-30 ಕೇಳುವ ಗಾಡಿಗೆ, ಕಂಪನಿ ಕೇಳಿದ ಗುಣಮಟ್ಟದ ದರ್ಜೆಯದ್ದೇ ಆದ 0ಡಬ್ಲ್ಯೂ-30 ಹಾಕಿದರೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಹಿಮ ಬೀಳದ ಕಡೆ ಇರುವವರು 10ಡಬ್ಲ್ಯೂ-30 ಹಾಕಿದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ. ಯೋಚಿಸಬೇಕಾದ್ದು ಎರಡನೇ ನಂಬರ್ ಬಗ್ಗೆ.

ದಪ್ಪ ಆಯಿಲ್ ಪರವಾಗಿ ಎಲ್ಲರೂ ಹೇಳುವ ಮಾತು "ಆಯಿಲ್ ಪ್ರೆಶರ್ ಜಾಸ್ತಿ ತೋರಿಸುತ್ತೆ" ಅನ್ನೋದು. ತೋರಿಸುವುದು ನಿಜ. ಅದರಿಂದ ಎಂಜಿನ್‌ಗೆ ಆಯಿಲ್ ಜಾಸ್ತಿ ಸಿಗುತ್ತಿದೆ ಅಂತ ಅರ್ಥವಲ್ಲ. ಆಯಿಲ್ ಪಂಪ್ ಒಂದು ಸುತ್ತಿಗೆ ಹೆಚ್ಚುಕಡಿಮೆ ಅಷ್ಟೇ ಆಯಿಲ್ ತಳ್ಳುತ್ತದೆ, ದಪ್ಪವಿರಲಿ ತೆಳುವಿರಲಿ. ಮುಂದೆ ಹರಿಯಲು ಕಷ್ಟವಾದಾಗ ಒತ್ತಡ ಏರುತ್ತದೆ. ಒಂದು ಮಟ್ಟ ದಾಟಿದರೆ ರಿಲೀಫ್ ವಾಲ್ವ್ ತೆರೆದುಕೊಂಡು ಮಿಕ್ಕ ಆಯಿಲ್ ವಾಪಸ್ ಹೋಗುತ್ತದೆ. ಮೀಟರ್‌ನಲ್ಲಿ ಮುಳ್ಳು ಮೇಲೆ ಇದ್ದರೂ ಬೇರಿಂಗ್‌ಗೆ ಹೋಗುವ ಆಯಿಲ್ ಕಡಿಮೆಯೇ ಆಗಿರಬಹುದು. ಆಯಿಲ್‌ಗೆ ಶಾಖ ಹೊತ್ತೊಯ್ಯುವ ಕೆಲಸವೂ ಇದೆ. ಅದಕ್ಕೆ ಬೇಕಾದ್ದು ಹರಿವು.

ಹಾಗಂತ ದಪ್ಪಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗ್ ನಡುವಿನ ಸಂದು ಒಂದು ಮಿಲಿಮೀಟರ್‌ನ ನೂರರಲ್ಲಿ ಕೆಲವೇ ಭಾಗ, ಕೂದಲಿಗಿಂತ ಕಿರಿದು. ಅಲ್ಲಿ ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ಆಯಿಲ್ ಪದರ. ಆ ಪದರದ ದಪ್ಪವನ್ನು ತೀರ್ಮಾನಿಸುವುದು ಆಯಿಲ್‌ನ ದಪ್ಪ, ಎಂಜಿನ್ ತಿರುಗುವ ವೇಗ, ಮೇಲೆ ಬೀಳುವ ಭಾರ. ಟಾಪ್ ಗೇರ್‌ನಲ್ಲೇ ಇಟ್ಟುಕೊಂಡು ಏರು ಹತ್ತಿಸುವಾಗ ವೇಗ ಕಡಿಮೆ, ಭಾರ ಜಾಸ್ತಿ. ಪದರ ತೀರಾ ತೆಳ್ಳಗಾಗುವುದು ಆಗಲೇ. ಟ್ರೇಲರ್ ಎಳೆಯುವವರು, ಸುಡುಬಿಸಿಲಲ್ಲಿ ತುಂಬಿದ ಗಾಡಿಯನ್ನು ಗಂಟೆಗಟ್ಟಲೆ ಜೋರಾಗಿ ಓಡಿಸುವವರು ಒಂದು ಗ್ರೇಡ್ ಮೇಲೆ ಹೋಗುವುದಕ್ಕೆ ಅರ್ಥವಿದೆ. ಟೊಯೋಟಾದ ಹಲವು ಮ್ಯಾನುಯಲ್‌ಗಳೇ ಇದನ್ನು ಒಪ್ಪುತ್ತವೆ. 0ಡಬ್ಲ್ಯೂ-20 ಹಾಕಿ ಅನ್ನುವ ಪುಟದಲ್ಲೇ, ಅತಿ ವೇಗ ಅಥವಾ ಅತಿ ಭಾರದಲ್ಲಿ ಓಡಿಸುವುದಾದರೆ ಹೆಚ್ಚು ದಪ್ಪದ ಆಯಿಲ್ ಸೂಕ್ತವಾಗಬಹುದು ಅನ್ನುವ ಸಾಲೂ ಇರುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ, ಅಷ್ಟೇ.

ಹಾಗಾದರೆ ಕಂಪನಿಗಳು ತೆಳು ಆಯಿಲ್ ಹೇಳುವುದು ಮೈಲೇಜ್‌ಗೋಸ್ಕರವಾ? ಬಹುಮಟ್ಟಿಗೆ ಹೌದು. ಸರ್ಕಾರಗಳ ಇಂಧನ ನಿಯಮಗಳಿಂದಾಗಿ ಕಂಪನಿಗಳಿಗೆ ಶೇಕಡಾ ಒಂದೆರಡು ಉಳಿತಾಯವೂ ದೊಡ್ಡದು. ಆದರೆ ಅದಕ್ಕೆ ತಕ್ಕಂತೆ ಬೇರಿಂಗ್, ಪಂಪ್, ಪಿಸ್ಟನ್ ರಿಂಗ್ ಎಲ್ಲವನ್ನೂ ಡಿಸೈನ್ ಮಾಡಿರುತ್ತಾರೆ. ಫೋರ್ಡ್ ಮಸ್ಟ್ಯಾಂಗ್ ನೋಡಿ. 2012ರ ಜಿಟಿ ಮಾದರಿಯ 5 ಲೀಟರ್ ವಿ8 ಎಂಜಿನ್‌ಗೆ 5ಡಬ್ಲ್ಯೂ-20. ಅದೇ ಎಂಜಿನ್ ಕುಟುಂಬದ, ರೇಸ್ ಟ್ರ್ಯಾಕ್‌ಗೆಂದು ಗಟ್ಟಿಮಾಡಿದ ಬಾಸ್ 302 ಅನ್ನುವ ಮಸ್ಟ್ಯಾಂಗ್ ಮಾದರಿಗೆ 5ಡಬ್ಲ್ಯೂ-50. ಬಳಕೆ ಬದಲಾದಾಗ ಕಂಪನಿಯೇ ಗ್ರೇಡ್ ಬದಲಿಸಿತು.

ಇನ್ನೂ ಹತ್ತಿರದ ಉದಾಹರಣೆ 2025ರದ್ದು. ಜನರಲ್ ಮೋಟಾರ್ಸ್ 2021ರಿಂದ 2024ರವರೆಗಿನ ಮಾದರಿಗಳಲ್ಲಿ 6.2 ಲೀಟರ್ ವಿ8 ಇರುವ ದೊಡ್ಡ ಪಿಕಪ್ ಮತ್ತು ಎಸ್‌ಯುವಿಗಳನ್ನು ವಾಪಸ್ ಕರೆಯಿತು. ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿ. ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಶಾಫ್ಟ್ ತಯಾರಿಕೆಯಲ್ಲಿ ದೋಷವಿತ್ತು. ತಪಾಸಣೆಯಲ್ಲಿ ಪಾಸಾದ ಎಂಜಿನ್‌ಗಳಿಗೆ 0ಡಬ್ಲ್ಯೂ-20 ತೆಗೆದು 0ಡಬ್ಲ್ಯೂ-40 ಹಾಕಿದರು, ಆಯಿಲ್ ಮುಚ್ಚಳವನ್ನೂ ಬದಲಿಸಿದರು. "ನೋಡಿ, ದಪ್ಪ ಆಯಿಲ್ಲೇ ಸರಿ ಅಂತ ಕಂಪನಿಯೇ ಒಪ್ಪಿತು" ಅಂತ ಹಲವರು ಕುಣಿದಾಡಿದರು. ನನಗೆ ಅಲ್ಲಿ ಕಾಣುವುದು ಬೇರೆ. ಅವರು ಬದಲಿಸಿದ್ದು ಎರಡನೇ ನಂಬರನ್ನು ಮಾತ್ರ. ಮೊದಲಿನದು 0ಡಬ್ಲ್ಯೂ ಆಗಿಯೇ ಉಳಿಯಿತು. ತಣ್ಣಗಿರುವಾಗಿನ ಹರಿವನ್ನು ಅವರು ಬಿಟ್ಟುಕೊಡಲಿಲ್ಲ. ನಿಮ್ಮ ಮೆಕ್ಯಾನಿಕ್ ಹೇಳುವ 20ಡಬ್ಲ್ಯೂ-50 ಎರಡೂ ತುದಿಯಲ್ಲಿ ದಪ್ಪ.

ಹೊಸ ಕಾಲದ ಎಂಜಿನ್‌ಗಳಲ್ಲಿ ಇನ್ನೊಂದು ತೊಡಕಿದೆ. ಆಯಿಲ್ ಬರೀ ಜಾರಿಸುವ ಕೆಲಸ ಮಾಡುವುದಿಲ್ಲ. ವಾಲ್ವ್ ಟೈಮಿಂಗ್ ಬದಲಿಸುವ ಕ್ಯಾಮ್ ಫೇಸರ್, ಟೈಮಿಂಗ್ ಚೈನ್ ಬಿಗಿಹಿಡಿಯುವ ಟೆನ್ಷನರ್, ಹೈಡ್ರಾಲಿಕ್ ಟ್ಯಾಪೆಟ್, ಇವೆಲ್ಲ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಇವುಗಳಿಗೆ ಹೋಗುವ ದಾರಿಗಳು, ಜಾಲರಿಗಳು ತೀರಾ ಸಣ್ಣವು. ಆಯಿಲ್ ಲೆಕ್ಕಕ್ಕಿಂತ ದಪ್ಪವಾದರೆ ಫೇಸರ್ ನಿಧಾನವಾಗುತ್ತದೆ, ಕೆಲವೊಮ್ಮೆ ಚೆಕ್ ಎಂಜಿನ್ ಲೈಟ್ ಕೂಡ ಬರುತ್ತದೆ. ಆಯಿಲ್ ಬದಲಿಸಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಮೊದಲಿಗಿಂತ ಜಾಸ್ತಿ ಹೊತ್ತು ಕೇಳಿಸಿದರೆ, ಮೊದಲು ಗ್ರೇಡ್ ಮೇಲೆ ಅನುಮಾನ ಪಡಿ.

ಡಬ್ಬದ ನಂಬರ್ ಹೇಳದ ಇನ್ನೊಂದು ಸಂಗತಿ. ಎರಡು 5ಡಬ್ಲ್ಯೂ-30 ಆಯಿಲ್‌ಗಳು ಒಂದೇ ತರ ಇರಬೇಕಿಲ್ಲ. ಬೇರಿಂಗ್‌ನ ಆ ಕಿರಿದಾದ ಸಂದಿನಲ್ಲಿ ಆಯಿಲ್ ಜಜ್ಜಿಹೋಗುವಾಗ ಎಷ್ಟು ದಪ್ಪ ಉಳಿಯುತ್ತದೆ ಅಂತ 150 ಡಿಗ್ರಿಯಲ್ಲಿ ಅಳೆಯುವ ಒಂದು ಪರೀಕ್ಷೆ ಇದೆ. ಅದಕ್ಕೆ ಎಚ್‌ಟಿಎಚ್‌ಎಸ್ ಅನ್ನುತ್ತಾರೆ. 30 ಗ್ರೇಡ್‌ಗೆ ಇದು ಕನಿಷ್ಠ 2.9 ಇದ್ದರೆ ಸಾಕು (ಇದರ ಮಾನ ಬೇರೆ, ಮೇಲಿನ ಸೆಂಟಿಸ್ಟೋಕ್ ಅಲ್ಲ). ಆದರೆ ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎ ನಿಗದಿಪಡಿಸಿದ ಎ3/ಬಿ4 ಅಥವಾ ಸಿ3 ದರ್ಜೆಯ ಆಯಿಲ್‌ಗೆ ಕನಿಷ್ಠ 3.5 ಬೇಕು. ಅಂದರೆ 5ಡಬ್ಲ್ಯೂ-30 ಬಿಡದೆಯೇ ಗಟ್ಟಿ ಪದರದ ಆಯಿಲ್ ಆರಿಸಿಕೊಳ್ಳಬಹುದು. ಡಬ್ಬದ ಹಿಂಬದಿಯ ಸಣ್ಣಕ್ಷರ ಓದಬೇಕು, ಅಷ್ಟೇ.

ತೆಳು ದಿಕ್ಕಿಗೆ ಹೋಗುವ ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮೈಲೇಜ್ ಆಸೆಗೆ 30 ಅಥವಾ 40 ಕೇಳುವ ಎಂಜಿನ್‌ಗೆ 20 ಹಾಕುವುದು, ದಪ್ಪ ಆಯಿಲ್ ಹಾಕುವುದಕ್ಕಿಂತ ಅಪಾಯ. ಫೋಕ್ಸ್‌ವ್ಯಾಗನ್ ತನ್ನ 508/509 ದರ್ಜೆಯ 0ಡಬ್ಲ್ಯೂ-20 ಆಯಿಲ್‌ಗೆ ಹಸಿರು ಬಣ್ಣ ಹಾಕಿಸುತ್ತದೆ. ಅದು ಹಳೆಯ ಎಂಜಿನ್‌ಗಳಿಗಲ್ಲ. ಬೈಕ್‌ನವರಿಗಂತೂ ನಿಯಮವೇ ಬೇರೆ. ಬಹಳಷ್ಟು ಬೈಕ್‌ಗಳಲ್ಲಿ ಕ್ಲಚ್ ಮತ್ತು ಗೇರ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಗ್ರೇಡ್ ಜೊತೆಗೆ, ಇಂಥ ಕ್ಲಚ್‌ಗೆ ಸರಿಹೊಂದುತ್ತದೆ ಅನ್ನುವ ಜಪಾನಿನ ಜಾಸೋ ಎಂಎ ಗುರುತೂ ಇರಲೇಬೇಕು, ಇಲ್ಲದಿದ್ದರೆ ಕ್ಲಚ್ ಸ್ಲಿಪ್ ಆಗಬಹುದು.

ಈಗ ನಿಮ್ಮ ಗಾಡಿಗೆ ಬರೋಣ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ್ದಕ್ಕೇ ಬೇರಿಂಗ್ ಸವೆದಿದೆ ಅನ್ನಲಾಗದು. ಸರಿಯಾಗಿ ಆಯಿಲ್ ಬದಲಿಸಿಕೊಂಡು ಬಂದ ಎಂಜಿನ್ ಇನ್ನೂ ಕಂಪನಿಯ ಅಳತೆಯೊಳಗೇ ಇರಬಹುದು. ಆಯಿಲ್ ತಿನ್ನುತ್ತಿಲ್ಲ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇಲ್ಲ, ಪ್ರೆಶರ್ ಲೈಟ್ ಮಿನುಗುತ್ತಿಲ್ಲ ಅಂದರೆ ಸುಮ್ನೆ 5ಡಬ್ಲ್ಯೂ-30ರಲ್ಲೇ ಇರಿ. ಎರಡು ಸರ್ವೀಸ್ ನಡುವೆ ಮತ್ತೆ ಮತ್ತೆ ಟಾಪ್-ಅಪ್ ಮಾಡಬೇಕಾಗುತ್ತಿದ್ದರೆ 5ಡಬ್ಲ್ಯೂ-40 ಹಾಕಿ ನೋಡಿ. ಕೆಲವು ಎಂಜಿನ್‌ಗಳಲ್ಲಿ ಅದರಿಂದ ಆಯಿಲ್ ಖರ್ಚು ಕಡಿಮೆಯಾಗುತ್ತದೆ. ವಾರಂಟಿ ಇನ್ನೂ ಉಳಿದಿದ್ದರೆ ಮಾತ್ರ ಮ್ಯಾನುಯಲ್ ಪಟ್ಟಿಯಿಂದ ಆಚೆ ಹೋಗಬೇಡಿ.

ಐಡಲಿಂಗ್‌ನಲ್ಲಿ ಪ್ರೆಶರ್ ಲೈಟ್ ಮಿನುಗುತ್ತಿದ್ದರೆ, ಕೆಳಗಿನಿಂದ ಡಬಡಬ ಸದ್ದು ಬರುತ್ತಿದ್ದರೆ ವಿಷಯ ಬೇರೆ. ಅಲ್ಲಿ 20ಡಬ್ಲ್ಯೂ-50 ಹಾಕಿದರೆ ಲೈಟ್ ಆರಬಹುದು, ಸದ್ದೂ ಅಡಗಬಹುದು, ಸವೆತ ಮಾತ್ರ ನಡೆಯುತ್ತಲೇ ಇರುತ್ತದೆ. ಮೆಕ್ಯಾನಿಕ್ ದಪ್ಪ ಆಯಿಲ್ ಹೇಳುತ್ತಿರುವುದು ಇಂಥದ್ದೇನಾದರೂ ಕೇಳಿಸಿಕೊಂಡೇನಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಆಯಿಲ್ ಬದಲಿಸುವ ಮೊದಲು ಮೆಕ್ಯಾನಿಕಲ್ ಗೇಜ್ ಹಾಕಿಸಿ, ಬಿಸಿ ಎಂಜಿನ್‌ನಲ್ಲಿ ಪ್ರೆಶರ್ ಅಳೆಸಿ. ದಪ್ಪ ಆಯಿಲ್ ಹಾಕಿದ ಮೇಲೆ ಅಳೆದರೆ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ.

ದಾರಿ ಮಧ್ಯೆ ಆಯಿಲ್ ಕಮ್ಮಿಯಾಗಿ, ಸಿಗುವುದು ಬೇರೆ ಗ್ರೇಡ್ ಮಾತ್ರ ಅಂದರೆ ಯೋಚಿಸದೆ ಹಾಕಿ. ಎಂಜಿನ್ ಆಯಿಲ್‌ಗಳು ಒಂದರಲ್ಲೊಂದು ಬೆರೆಯುತ್ತವೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಾಣದೆ ಓಡಿಸುವುದರ ಮುಂದೆ ತಪ್ಪು ಗ್ರೇಡ್ ಏನೂ ಅಲ್ಲ. ಊರು ಸೇರಿದ ಮೇಲೆ ಬದಲಿಸಿದರಾಯಿತು.