‘ಡಿಆರ್‌ಡಿಒ ವಿಜ್ಞಾನಿ’ ಅಂದ್ರೆ ಯಾರು?

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮೊನ್ನೆ ಒಂದು ಫ್ಲೆಕ್ಸ್ ಕಟ್ಟಿದ್ದರು. ‘ಡಿಆರ್‌ಡಿಒ ವಿಜ್ಞಾನಿಯಾಗಿ ಆಯ್ಕೆಯಾದ ನಮ್ಮೂರ ಕುವರನಿಗೆ ಅಭಿನಂದನೆಗಳು’. ಕೆಳಗೆ ಹದಿನೆಂಟು ಜನರ ಫೋಟೊ. ಹುಡುಗ ಆಯ್ಕೆಯಾಗಿದ್ದು ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ. ಪಾಪ, ಫ್ಲೆಕ್ಸ್ ಇಳಿಸೋವರೆಗೂ ಅವನು ಆ ಕಡೆ ತಲೆ ಹಾಕಲಿಲ್ಲ.

ಇಂಥದ್ದು ಇದೇ ಮೊದಲಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಡಿಆರ್‌ಡಿಒ ಅಂದರೆ ಕೇಂದ್ರ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ. ಅದರ ಗೇಟಿನೊಳಗೆ ‘ಸೈಂಟಿಸ್ಟ್’ ಅನ್ನೋದು ಹೊಗಳಿಕೆಯ ಮಾತಲ್ಲ, ಹುದ್ದೆಯ ಹೆಸರು. ತಹಶೀಲ್ದಾರ್ ಅಂದ ಹಾಗೆ. ಡಿಆರ್‌ಡಿಎಸ್ ಅನ್ನುವ ಸೇವೆಗೆ ಸೇರಿದವರಿಗೆ ಮಾತ್ರ ಆ ಹೆಸರು. ಅವರಲ್ಲೂ ಬಹಳಷ್ಟು ಜನ ಓದಿರೋದು ಎಂಜಿನಿಯರಿಂಗ್. ಇಸ್ರೋದವರು ಈ ವಿಷಯದಲ್ಲಿ ಸ್ವಲ್ಪ ಪ್ರಾಮಾಣಿಕರು, ‘ಸೈಂಟಿಸ್ಟ್/ಎಂಜಿನಿಯರ್’ ಅಂತ ಅಡ್ಡಗೆರೆ ಹಾಕಿ ಎರಡನ್ನೂ ಬರೆದುಕೊಳ್ಳುತ್ತಾರೆ.

ಇನ್ನು ಆ ಇಂಗ್ಲಿಷ್ ಅಕ್ಷರಗಳ ಗೋಳು. ‘ಸೈಂಟಿಸ್ಟ್-ಬಿ’ ಅಂದ ತಕ್ಷಣ ಮದುವೆ ಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ, “ಬಿ ಅಂದ್ರೆ ಎರಡನೇ ದರ್ಜೆನಾ? ಎ ಸಿಗಲಿಲ್ವಾ?” ಸ್ವಾಮಿ, ಏಣಿ ಶುರುವಾಗೋದೇ ಬಿಯಿಂದ. ಆಮೇಲೆ ಸಿ, ಡಿ, ಇ, ಎಫ್, ಜಿ, ಎಚ್ ಅಂತ ಮೇಲೇರುತ್ತದೆ. ಅದರಾಚೆಗೆ ‘ಡಿಸ್ಟಿಂಗ್ವಿಶ್ಡ್ ಸೈಂಟಿಸ್ಟ್’. ಅಂದರೆ ಅಕ್ಷರ ಮುಂದಕ್ಕೆ ಹೋದಷ್ಟೂ ಕುರ್ಚಿ ದೊಡ್ಡದು. ತಮಾಷೆ ಏನು ಅಂದ್ರೆ, ಸರ್ಕಾರದ ಲೆಕ್ಕದಲ್ಲಿ ಸೈಂಟಿಸ್ಟ್-ಬಿ ಇರೋದು ಗ್ರೂಪ್ ‘ಎ’ನಲ್ಲಿ, ಗೆಜೆಟೆಡ್ ಅಧಿಕಾರಿ. ಟೆಕ್ನಿಷಿಯನ್-ಎ ಇರೋದು ಗ್ರೂಪ್ ‘ಸಿ’ಯಲ್ಲಿ. ಗ್ರೂಪ್ ಬೇರೆ, ಹುದ್ದೆಯ ಬಾಲದ ಅಕ್ಷರ ಬೇರೆ. ಇವೆರಡನ್ನು ಕಲಸಿದರೆ ಚಿತ್ರಾನ್ನ.

ಟೆಕ್ನಿಷಿಯನ್, ಟೆಕ್ನಿಕಲ್ ಅಸಿಸ್ಟೆಂಟ್, ಟೆಕ್ನಿಕಲ್ ಆಫೀಸರ್ ಇವರದ್ದು ಡಿಆರ್‌ಟಿಸಿ ಅನ್ನುವ ಬೇರೆಯೇ ಕೇಡರ್. ಐಟಿಐ, ಡಿಪ್ಲೊಮಾ, ಬಿಎಸ್ಸಿ ಮಾಡಿದವರು ಸೆಪ್ಟಾಮ್ ಅನ್ನುವ ನೇಮಕಾತಿ ಘಟಕದ ಪರೀಕ್ಷೆ ಬರೆದು ಬರುವ ದಾರಿ ಇದು. ವಿಜ್ಞಾನಿಗಳನ್ನು ಆರಿಸೋದು ದೆಹಲಿಯ ಆರ್‌ಎಸಿ ಅನ್ನುವ ನೇಮಕಾತಿ ಕೇಂದ್ರ, ಹೆಚ್ಚಾಗಿ ‘ಗೇಟ್’ ಪರೀಕ್ಷೆಯ ಅಂಕ ಮತ್ತು ಸಂದರ್ಶನದ ಮೇಲೆ. ಆಡಳಿತದವರು ಮೂರನೇ ಗುಂಪು. ಜೆಆರ್‌ಎಫ್‌ಗಳು (ಕಿರಿಯ ಸಂಶೋಧನಾ ಫೆಲೋಗಳು) ಈ ಮೂರರಲ್ಲೂ ಇಲ್ಲ. ಅವರಿಗೆ ಬರೋದು ಫೆಲೋಶಿಪ್, ಸಂಬಳ ಅಲ್ಲ. ಬಡ್ತಿಯ ಪದ್ಧತಿಯೂ ವಿಚಿತ್ರ. ವಿಜ್ಞಾನಿಗೆ ಮೇಲಿನ ಕುರ್ಚಿ ಖಾಲಿಯಾಗಲಿ ಅಂತ ಕಾಯುವ ಕೆಲಸವಿಲ್ಲ. ಇಂತಿಷ್ಟು ವರ್ಷ ತುಂಬಿದ ಮೇಲೆ ಮಂಡಳಿ ಮುಂದೆ ಕೂತು ತನ್ನ ಕೆಲಸ ಒಪ್ಪಿಸಿದರೆ, ಅದೇ ಕುರ್ಚಿಯಲ್ಲೇ ಅಕ್ಷರ ಬದಲಾಗುತ್ತದೆ.

ಈಗ ‘ವಿಜ್ಞಾನ’ ಪದಕ್ಕೆ ಬನ್ನಿ, ನನಗೆ ಇಷ್ಟದ ಜಾಗ ಇದು. ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ಜ್ಞಾನ, ವಿಜ್ಞಾನ ಎರಡನ್ನೂ ಪಕ್ಕಪಕ್ಕ ಇಟ್ಟು ಬಿಡಿಸುತ್ತದೆ: ‘ಮೋಕ್ಷೇ ಧೀರ್ಜ್ಞಾನಮನ್ಯತ್ರ ವಿಜ್ಞಾನಂ ಶಿಲ್ಪಶಾಸ್ತ್ರಯೋಃ’. ಮೋಕ್ಷದ ಕಡೆ ಹೊರಳಿದ ಬುದ್ಧಿ ಜ್ಞಾನ, ಶಿಲ್ಪ ಮತ್ತು ಶಾಸ್ತ್ರದ ಕಡೆ ಹೊರಳಿದ್ದು ವಿಜ್ಞಾನ. ಇಲ್ಲಿ ಶಿಲ್ಪ ಅಂದರೆ ಬರೀ ಕಲ್ಲು ಕೆತ್ತೋದಲ್ಲ, ಕೈಕಸುಬು ಎಲ್ಲಾ. ಈ ಲೆಕ್ಕ ಹಿಡಿದರೆ ಲೇತ್ ಮುಂದೆ ನಿಂತು ಕೂದಲೆಳೆಯಷ್ಟೂ ತಪ್ಪದಂತೆ ಲೋಹ ತಿರುವುವ ಟೆಕ್ನಿಷಿಯನ್-ಎ ಕೂಡ ವಿಜ್ಞಾನಿಯೇ! ಪದಕ್ಕೆ ಅಷ್ಟು ಧಾರಾಳ ಇತ್ತು. ‘ಸೈನ್ಸ್’ಗೆ ಸಮನಾಗಿ ಕೂರಿಸಿದ ಮೇಲೆ ಕೈಕೆಲಸದವರು ಹೊರಗೆ ಬಿದ್ದರು. ಡಿಆರ್‌ಡಿಒ ಅದನ್ನೇ ಹುದ್ದೆ ಮಾಡಿದಾಗ ಇನ್ನೂ ಕಿರಿದಾಯಿತು.

ಡಿಆರ್‌ಡಿಒ ಸಂಸ್ಥೆಯ ರಚನೆ ಸರಳ. 1958ರಲ್ಲಿ ಹುಟ್ಟಿದ್ದು. ಪ್ರತಿ ಲ್ಯಾಬಿಗೆ ಒಬ್ಬ ಡೈರೆಕ್ಟರ್, ಲ್ಯಾಬುಗಳ ಗುಂಪಿಗೆ ಒಬ್ಬ ಡೈರೆಕ್ಟರ್ ಜನರಲ್, ಎಲ್ಲರ ಮೇಲೆ ಅಧ್ಯಕ್ಷರು. ಅಧ್ಯಕ್ಷರೇ ಕೇಂದ್ರದ ರಕ್ಷಣಾ ಸಂಶೋಧನಾ ಇಲಾಖೆಯ ಕಾರ್ಯದರ್ಶಿಯೂ ಹೌದು. ಬೆಂಗಳೂರಿನ ಸಿ.ವಿ. ರಾಮನ್ ನಗರದ ಸುತ್ತಮುತ್ತಲೇ ಜಿಟಿಆರ್‌ಇ, ಎಲ್‌ಆರ್‌ಡಿಇ ಅಂತ ಲ್ಯಾಬುಗಳ ಸಾಲಿದೆ. ಜೆಟ್ ಎಂಜಿನ್ ಒಂದರಲ್ಲಿ, ರಾಡಾರ್ ಇನ್ನೊಂದರಲ್ಲಿ. ಮೈಸೂರಿನ ಆಹಾರ ಸಂಶೋಧನಾ ಲ್ಯಾಬು ಡಿಎಫ್‌ಆರ್‌ಎಲ್‌ನಲ್ಲಿ ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿ ಮಾಡಿದವರೂ ಅದೇ ಸೈಂಟಿಸ್ಟ್ ಏಣಿಯವರೇ. ಎಚ್‌ಎಎಲ್ ಡಿಆರ್‌ಡಿಒ ಅಲ್ಲ, ಅದು ವಿಮಾನ ತಯಾರಿಸುವ ಸರ್ಕಾರಿ ಕಂಪನಿ. ಎನ್‌ಎಎಲ್ ಕೂಡ ಅಲ್ಲ, ಆ ವಿಮಾನ ಸಂಶೋಧನಾ ಲ್ಯಾಬು ಸಿಎಸ್‌ಐಆರ್ ಅನ್ನುವ ಬೇರೆ ಸಂಶೋಧನಾ ಸಂಸ್ಥೆಯದು.

ಮುಂದಿನ ಸಲ ಫ್ಲೆಕ್ಸ್ ಮಾಡಿಸುವಾಗ ಆಯ್ಕೆ ಪತ್ರದಲ್ಲಿ ಇರುವ ಪದವನ್ನೇ ಅಚ್ಚು ಹಾಕಿಸಿ. ‘ಅಪ್ರೆಂಟಿಸ್’ ಅಂತ ಇದ್ದರೆ ಅದೇ ಇರಲಿ. ಹುಡುಗ ಬಸ್ ಸ್ಟ್ಯಾಂಡಿಗಾದರೂ ಬರುತ್ತಾನೆ.